ಗೋವೆಯ ಜಯಕೇಶಿಯ ಬೀಗತನ

ನಮ್ಮ ನಾಗನೂರ ಸೀಮೆಯಲ್ಲಿ ಒಬ್ಬ ಗೃಹಸ್ಥನ ತೂಕವನ್ನು ತಿಳಿಯಬೇಕಾದರೆ ಹಿರಿಯರು ಅವನಿಗೆ ಎಷ್ಟು ಹೊಲವಿದೆಯೆಂದು ಮೊದಲು ಕೇಳುವುದಿಲ್ಲ. ‘ಬೀಗರು ಎಲ್ಲಿಯವರು?’ ಎಂದು ಕೇಳುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಯಾವ ಊರಿಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಹೆಣ್ಣು ಕೊಟ್ಟ ಮನೆ, ಹೆಣ್ಣು ತಂದ ಮನೆ ಇವೆರಡರ ನಡುವಣ ನಂಟಿಗೆ ಕನ್ನಡದಲ್ಲಿ ಬೀಗತನವೆಂಬ ಸೊಗಸಾದ ಮಾತಿದೆ. ಪಟ್ಟಣವಾಸಿಗಳಾದ ವಾಚಕರು ಇದನ್ನು ಹಳ್ಳಿಗರ ಕುತೂಹಲವೆಂದು ನಕ್ಕು ಬಿಡಬಹುದು. ಆದರೆ ಒಂಬೈನೂರು ವರ್ಷಗಳ ಹಿಂದೆ ಇದೇ ನಾಡಿನ ಅರಸುಮನೆಗಳೂ ಒಂದನ್ನೊಂದು ಇದೇ ಪ್ರಶ್ನೆಯಿಂದ ಅಳೆಯುತ್ತಿದ್ದುವು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ನಾಗನೂರಿಗೆ ಸಮೀಪದ ಕಲ್ಲೋಳಿಯಲ್ಲಿ ದೊರೆತ ಶಾಸನವೊಂದು 1204ನೆಯ ಇಸವಿಯದು. ಆಗ ಈ ಪ್ರದೇಶಕ್ಕೆ ಕೂಂಡಿ ಮೂರು ಸಾವಿರವೆಂದು ಹೆಸರು, ಆಳುತ್ತಿದ್ದವರು ರಟ್ಟರು. ಮೊದಲು ಸುಗಂಧವರ್ತಿ, ಎಂದರೆ ಇಂದಿನ ಸವದತ್ತಿ, ಅವರ ರಾಜಧಾನಿ. ತರುವಾಯ ವೇಣುಗ್ರಾಮ, ಎಂದರೆ ಬೆಳಗಾವಿ. ನಾಲ್ಕನೆಯ ಕಾರ್ತವೀರ್ಯನೂ ಅವನ ತಮ್ಮ ಮಲ್ಲಿಕಾರ್ಜುನನೂ ಕೂಡಿ ಆಳುತ್ತಿದ್ದ ಕಾಲವದು. ಅವರ ತಾಯಿ ಚಂದ್ರಿಕಾದೇವಿ ಹಗರಟಗೆಯ ಯಾದವ ನಾಯಕರ ಮನೆಯ ಹೆಣ್ಣು. ಆ ಮನೆತನದ ರಾಜನೆಂಬವನು ಕಲ್ಲೋಳಿಯಲ್ಲಿ ಶಾಂತಿನಾಥನ ಬಸದಿಯನ್ನು ಕಟ್ಟಿಸಿದ. ಕಾರ್ತವೀರ್ಯ ಅದಕ್ಕೆ ದತ್ತಿ ಬಿಟ್ಟ. ತಾಯಿಯ ತವರಿನವರು ಕಟ್ಟಿಸಿದ ಗುಡಿಗೆ ಮಗ ಭೂಮಿಯನ್ನು ಕೊಟ್ಟನೆಂದು ಇದರ ಅರ್ಥ. ಕಲ್ಲಿನ ಮೇಲೆ ಬರೆದಿರುವುದು ಧರ್ಮಕಾರ್ಯವಾದರೂ ಅದರ ಹಿಂದೆ ಬೀಗತನವೊಂದು ಸದ್ದಿಲ್ಲದೆ ನಿಂತಿದೆ.

ಆದರೆ ಬೀಗತನವನ್ನೇ ರಾಜ್ಯತಂತ್ರವನ್ನಾಗಿ ಮಾಡಿಕೊಂಡ ಅರಸನನ್ನು ಕಾಣಬೇಕಾದರೆ ನಾವು ರಟ್ಟರ ನೆರೆಮನೆಗೆ ಹೋಗಬೇಕು. ಕಾಲದಲ್ಲಿಯೂ ನೂರೈವತ್ತು ವರ್ಷ ಹಿಂದಕ್ಕೆ ಸರಿಯಬೇಕು. ಆ ನೆರೆಯವರು ಗೋವೆಯ ಕದಂಬರು. ಆ ಅರಸ ಒಂದನೆಯ ಜಯಕೇಶಿ.

ಕದಂಬರೆಂದೊಡನೆ ವಾಚಕರಿಗೆ ನೆನಪಾಗುವವರು ಬನವಾಸಿಯ ಮಯೂರವರ್ಮ ಮತ್ತು ಅವನ ಸಂತತಿಯವರು. ಆ ಮೂಲ ಮನೆತನ ಅಳಿದು ಎಷ್ಟೋ ಶತಮಾನಗಳಾದ ಮೇಲೆ ಅದೇ ಹೆಸರನ್ನು ಹೊತ್ತು ಹಾನಗಲ್ಲಿನಲ್ಲೊಂದು, ಗೋವೆಯಲ್ಲೊಂದು ಶಾಖೆ ತಲೆಯೆತ್ತಿದುವು. ಗೋವೆಯವರು ಬನವಾಸಿಪುರವರಾಧೀಶ್ವರರೆಂದು ಬಿರುದು ಹೇಳಿಕೊಂಡರು. ಸಿಂಹಲಾಂಛನ, ವಾನರಧ್ವಜ, ಪೆರ್ಮಟ್ಟಿಯೆಂಬ ವಾದ್ಯ ಇವೆಲ್ಲ ಅವರ ರಾಜಚಿಹ್ನೆಗಳು. ಅವರ ಮೊದಲ ರಾಜಧಾನಿ ಚಂದ್ರಪುರ, ದಕ್ಷಿಣ ಗೋವೆಯ ಇಂದಿನ ಚಾಂದೋರ್. ಘಟ್ಟದ ಕೆಳಗೆ ಕೊಂಕಣ ಒಂಬೈನೂರು, ಘಟ್ಟದ ಮೇಲೆ ಪಲಸಿಗೆ ಹನ್ನೆರಡು ಸಾವಿರ ಅವರ ನಾಡುಗಳು. ಪಲಸಿಗೆಯೆಂದರೆ ಖಾನಾಪುರ ತಾಲೂಕಿನ ಹಲಸಿ. ಪದವಿಯಲ್ಲಿ ಅವರು ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳಿಗೆ ಅಧೀನರಾದ ಮಹಾಮಂಡಲೇಶ್ವರರು. ನಡತೆಯಲ್ಲಿ ಮಾತ್ರ ಅರ್ಧ ಸ್ವತಂತ್ರರು. ಅದೇ ಕಾಲದ ಫ್ರಾನ್ಸಿನ ಕೌಂಟು ಡ್ಯೂಕುಗಳು ತಮ್ಮ ರಾಜನ ಮುಂದೆ ಮಂಡಿಯೂರಿ, ಮನೆಗೆ ಬಂದು ತಾವೇ ರಾಜರಂತೆ ಇರುತ್ತಿದ್ದರಷ್ಟೆ? ಇವರದೂ ಸುಮಾರಾಗಿ ಅಂಥದೇ ಸ್ಥಿತಿ. ಒಂದು ವಿಶೇಷವೆಂದರೆ ಇವರ ಬಳಿ ಹಡಗುಗಳಿದ್ದುವು.

ಹಡಗಿನಿಂದಲೇ ಈ ಮನೆಯ ಮೊದಲ ದೊಡ್ಡ ಬೀಗತನ ಬಂದಿತು. ಧಾರವಾಡದ ಬಳಿಯ ನರೇಂದ್ರವೆಂಬ ಊರಿನಲ್ಲಿ 1125ರ ಒಂದು ದೀರ್ಘವಾದ ಕನ್ನಡ ಶಾಸನವಿದೆ. ಬಾರ್ನೆಟ್ ಪಂಡಿತರು ಅದನ್ನು ಸಂಪಾದಿಸಿ ಪ್ರಕಟಿಸಿದ್ದಾರೆ. ಅದರ ಕವಿ ಹೇಳುವಂತೆ ಜಯಕೇಶಿಯ ತಂದೆ ಷಷ್ಠದೇವ, ಜನರ ಬಾಯಲ್ಲಿ ಚಟ್ಟಯ್ಯ, ಹಡಗುಗಳ ಸಾಲನ್ನೇ ಸೇತುವೆಯಂತೆ ಮಾಡಿಕೊಂಡು ಕಡಲಿನಲ್ಲಿ ವಿಹರಿಸಿದವನು. ಆತ ಸೌರಾಷ್ಟ್ರದ ಕಡೆಗೆ ಕಡಲಯಾನ ಮಾಡಿದಾಗ ಠಾಣೆಯ ಶಿಲಾಹಾರ ದೊರೆ ಮುಮ್ಮುರಿ ಎದುರು ಬಂದು, ಅರಮನೆಗೆ ಕರೆದೊಯ್ದು, ಮಗಳನ್ನು ಧಾರೆಯೆರೆದು ಐದು ಲಕ್ಷ ಹೊನ್ನನ್ನು ಬಳುವಳಿಯಾಗಿ ಕೊಟ್ಟನಂತೆ. ಐದು ಲಕ್ಷವೆಂಬುದರಲ್ಲಿ ಕವಿಯ ಪಾಲೆಷ್ಟು, ಕೋಶಾಧಿಕಾರಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಈ ಮುಮ್ಮುರಿ ಕಟ್ಟುಕಥೆಯವನಲ್ಲ. ಮುಂಬಯಿಯ ಬಳಿ ಅಂಬರನಾಥದ ಶಿವಾಲಯದಲ್ಲಿ ಅವನ ಹೆಸರಿನ 1060ರ ಶಾಸನವಿದೆ. ಕರಾವಳಿಯ ಎರಡು ನೌಕಾಬಲಗಳು ಕಾದಾಡುವುದರ ಬದಲು ಬೀಗರಾದುವೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಜಯಕೇಶಿ ಸುಮಾರು 1050ರಲ್ಲಿ ಪಟ್ಟಕ್ಕೆ ಬಂದ. ಚಂದ್ರಪುರದಿಂದ ರಾಜಧಾನಿಯನ್ನು ಝುವಾರಿ ನದಿಯ ದಂಡೆಯ ಗೋಪಕಪಟ್ಟಣಕ್ಕೆ ತಂದ. ಅದೇ ಇಂದಿನ ಗೋವಾ ವೆಲ್ಹಾ. ನದಿಯ ಬಾಯಿಯಲ್ಲಿದ್ದ ಈ ರೇವು ಕೆಲವು ದಶಕಗಳಲ್ಲಿ ಪಶ್ಚಿಮ ಕರಾವಳಿಯ ದೊಡ್ಡ ವ್ಯಾಪಾರಸ್ಥಾನವಾಯಿತು. 1053ರ ಒಂದು ತಾಮ್ರಶಾಸನದಲ್ಲಿ ಛಡಮನೆಂಬ ಮುಸಲ್ಮಾನ ಅಧಿಕಾರಿಯ ಹೆಸರು ಬರುತ್ತದೆ. ರೇವಿಗೆ ಬರುವ ಹಡಗುಗಳಿಂದ ಸುಂಕವೆತ್ತಿ ಅಲ್ಲಿಯ ‘ಮಿಜಿಗಿತಿ’ಯನ್ನು, ಎಂದರೆ ಮಸೀದಿಯನ್ನು, ನಡೆಸಿಕೊಂಡು ಹೋಗಲು ಅವನಿಗೆ ಅಪ್ಪಣೆಯಾಗಿದೆ. ಸಪ್ತಕೋಟೀಶ್ವರನ ಭಕ್ತನಾದ ಕದಂಬ ದೊರೆ ಇಂಥ ಅಪ್ಪಣೆ ಕೊಟ್ಟುದು ಅವನ ಔದಾರ್ಯವನ್ನು ತೋರುತ್ತದೆ. ಅದಕ್ಕಿಂತ ಹೆಚ್ಚಾಗಿ ಅವನ ಲೆಕ್ಕಾಚಾರವನ್ನೂ ತೋರುತ್ತದೆಯೆಂದು ನನಗೆ ಅನಿಸುತ್ತದೆ. ಯಾರಿಂದ ಏನು ಬರುತ್ತದೆಯೆಂದು ಬಲ್ಲವನು ಆತ.

ಆ ಬಲ್ಲತನಕ್ಕೆ ಪರೀಕ್ಷೆ ಬಂದುದು 1068ರಲ್ಲಿ. ಆ ವರ್ಷ ಕಲ್ಯಾಣದ ಚಕ್ರವರ್ತಿ ಆಹವಮಲ್ಲ ಸೋಮೇಶ್ವರ ಕುರುವತ್ತಿಯಲ್ಲಿ ತುಂಗಭದ್ರೆಯಲ್ಲಿ ಮುಳುಗಿ ಪ್ರಾಣ ಬಿಟ್ಟ. ಹಿರಿಯ ಮಗ ಎರಡನೆಯ ಸೋಮೇಶ್ವರನಿಗೆ ಪಟ್ಟವಾಯಿತು. ಕಿರಿಯನಾದ ವಿಕ್ರಮಾದಿತ್ಯನಿಗೂ ಅವನಿಗೂ ಬೇಗನೆ ಮನಸ್ಸು ಮುರಿಯಿತು. ತಮ್ಮ ಕಲ್ಯಾಣವನ್ನು ಬಿಟ್ಟು ಹೊರಟ. ಆಗ ಸಾಮಂತರೆಲ್ಲರ ಮುಂದೆಯೂ ಒಂದೇ ಪ್ರಶ್ನೆ: ಪಟ್ಟವೇರಿದ ಅಣ್ಣನ ಕಡೆಗೋ, ಪರಾಕ್ರಮಿಯಾದ ತಮ್ಮನ ಕಡೆಗೋ? ಜಯಕೇಶಿ ತಮ್ಮನನ್ನು ಆರಿಸಿಕೊಂಡ. ಕೇಳಿದುದಕ್ಕಿಂತ ಹೆಚ್ಚು ಧನವನ್ನು ತಂದು ಅವನಿಗೆ ಒಪ್ಪಿಸಿದನೆಂದು ಕಾಶ್ಮೀರದ ಕವಿ ಬಿಲ್ಹಣ ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಬರೆದಿದ್ದಾನೆ. ಕದಂಬರ ಶಾಸನಗಳ ಪ್ರಕಾರ ಜಯಕೇಶಿ ಚಾಲುಕ್ಯನನ್ನು ರಾಜ್ಯದಲ್ಲಿ ಸ್ಥಾಪಿಸಿದವನು, ಕಂಚಿಯಲ್ಲಿ ಚೋಳ ಚಾಲುಕ್ಯರನ್ನು ಗೆಳೆಯರನ್ನಾಗಿ ಮಾಡಿದವನು. ತಲೆಮಾರುಗಳಿಂದ ಹಗೆಗಳಾಗಿದ್ದ ಆ ಎರಡು ಮನೆಗಳ ಗೆಳೆತನಕ್ಕೆ ಮುದ್ರೆ ಬಿದ್ದುದೂ ಮದುವೆಯಿಂದಲೇ: ಚೋಳ ವೀರರಾಜೇಂದ್ರ ತನ್ನ ಮಗಳನ್ನು ವಿಕ್ರಮಾದಿತ್ಯನಿಗೆ ಕೊಟ್ಟ. ನಡುವೆ ನಿಂತು ಮಾತು ಮುಗಿಸಿದ ಹಿರಿಯ ನಮ್ಮ ಜಯಕೇಶಿ. ತಾನೂ ಒಬ್ಬ ಮಗಳನ್ನು ಅದೇ ವಿಕ್ರಮಾದಿತ್ಯನಿಗೆ ಕೊಟ್ಟನೆಂದು ಶಾಸನಗಳು ಹೊಗಳುತ್ತವೆ. 1076ರಲ್ಲಿ ವಿಕ್ರಮಾದಿತ್ಯ ಅಣ್ಣನನ್ನು ಸೋಲಿಸಿ ಚಕ್ರವರ್ತಿಯಾದ. ಹೊಸ ಶಕೆಯನ್ನು ಹೂಡಿದ. ಐವತ್ತು ವರ್ಷ ಆಳಿದ. ಜಯಕೇಶಿ ಹಿಡಿದ ಪಕ್ಷ ಗೆದ್ದಿತ್ತು.

ಇಷ್ಟು ಹೇಳಿದರೆ ಒಬ್ಬ ಚತುರ ಸಾಮಂತನ ಕಥೆ ಮುಗಿದಂತೆಯೇ. ಆದರೆ ಬೀಗತನದ ಲೆಕ್ಕವನ್ನು ತಂದೆಯ ಕಡೆಯಿಂದ ಮಾತ್ರ ಬರೆದರೆ ಅರ್ಧ ಪುಟ ಖಾಲಿ ಉಳಿಯುತ್ತದೆ. ಕೊಟ್ಟ ಹೆಣ್ಣಿಗೆ ಏನಾಯಿತು? ಕಲ್ಯಾಣಕ್ಕೆ ಹೋದ ಮಗಳ ವಿಷಯದಲ್ಲಿ ಶಾಸನಗಳು ಮದುವೆಯಷ್ಟನ್ನೇ ಹೇಳುತ್ತವೆ. ಅದೃಷ್ಟವಶಾತ್ ಜಯಕೇಶಿಯ ಇನ್ನೊಬ್ಬ ಮಗಳ ಬಾಳು ಬೇರೊಂದು ನಾಡಿನ ನೆನಪಿನಲ್ಲಿ ಉಳಿದುಕೊಂಡಿದೆ.

ಆಕೆಯ ಹೆಸರು ಮಯಣಲ್ಲಾದೇವಿ. ಗುಜರಾತಿಗಳ ಬಾಯಲ್ಲಿ ಮೀನಲದೇವಿ. ಅಣಹಿಲಪಾಟಣದಲ್ಲಿ ಸುಮಾರು 1064ರಿಂದ ಆಳುತ್ತಿದ್ದ ಸೋಲಂಕಿ ದೊರೆ ಕರ್ಣದೇವನಿಗೆ ಆಕೆಯನ್ನು ಕೊಟ್ಟರು. ಈ ಮದುವೆಯ ಕಥೆಯನ್ನು ಇಬ್ಬರು ಜೈನ ವಿದ್ವಾಂಸರು ಬರೆದಿದ್ದಾರೆ. ಒಬ್ಬರು ಹೇಮಚಂದ್ರಾಚಾರ್ಯರು, ಮಯಣಲ್ಲೆಯ ಮಗನ ಆಸ್ಥಾನದಲ್ಲಿಯೇ ಇದ್ದವರು. ಅವರ ‘ದ್ವ್ಯಾಶ್ರಯ’ ಕಾವ್ಯದಲ್ಲಿ ಎಲ್ಲವೂ ಮಧುರವಾಗಿದೆ. ಚಿತ್ರಕಾರನೊಬ್ಬ ಚಂದ್ರಪುರದ ಜಯಕೇಶಿಯ ಮಗಳ ಪಟವನ್ನು ತಂದು ತೋರಿಸುತ್ತಾನೆ, ಕರ್ಣ ನೋಡಿ ಮರುಳಾಗುತ್ತಾನೆ, ಕನ್ನಿಕೆ ಉದ್ಯಾನಕ್ಕೆ ಬರುತ್ತಾಳೆ, ಗುರುತಿಸಿ ವರಿಸುತ್ತಾನೆ. ಸಂಸ್ಕೃತ ಕಾವ್ಯಗಳನ್ನು ನಾಲ್ಕು ಓದಿದವರಿಗೆ ಈ ಪಟ, ಈ ಉದ್ಯಾನ ಎರಡೂ ಹಳೆಯ ಪರಿಚಯವೇ.

ಇನ್ನೊಬ್ಬರು ಮೇರುತುಂಗಾಚಾರ್ಯರು. ಅವರು ‘ಪ್ರಬಂಧಚಿಂತಾಮಣಿ’ಯನ್ನು ಬರೆದುದು 1305ರಲ್ಲಿ, ಎಂದರೆ ಎರಡು ಶತಮಾನಗಳಿಗಿಂತ ಈಚೆಗೆ. ಜಯಕೇಶಿಯ ತಂದೆಯನ್ನು ಅವರು ಶುಭಕೇಶಿಯೆಂದು ಕರೆಯುತ್ತಾರೆ. ಶಾಸನಗಳಿಗೆ ಇದು ಹೊಂದುವುದಿಲ್ಲ. ಆದರೆ ಅವರು ಹೇಳುವ ಕಥೆ ಎಷ್ಟು ಒರಟೋ ಅಷ್ಟು ಜೀವಂತವಾಗಿದೆ. ಮಯಣಲ್ಲೆ ಹಿಂದಿನ ಜನ್ಮದಲ್ಲಿ ಬಡ ಬ್ರಾಹ್ಮಣ ಹೆಂಗಸು. ಸೋಮನಾಥನ ಯಾತ್ರೆಗೆ ಹೊರಟವಳು ಬಾಹುಲೋಡವೆಂಬ ಊರಿನ ಸುಂಕದ ಕಟ್ಟೆಯಲ್ಲಿ ಯಾತ್ರಿಕರ ತೆರಿಗೆ ಕೊಡಲಾರದೆ ಹಿಂತಿರುಗಿದಳು. ಮುಂದಿನ ಜನ್ಮದಲ್ಲಿ ಈ ತೆರಿಗೆಯನ್ನು ತೆಗೆಯಿಸುವ ಶಕ್ತಿ ತನಗೆ ಬರಲೆಂದು ಸಂಕಲ್ಪಿಸಿ ಪ್ರಾಣ ಬಿಟ್ಟಳು. ಅದು ನೆನಪಾಗಿ ತನ್ನನ್ನು ಗುಜರಾತಿನ ದೊರೆಗೇ ಕೊಡಬೇಕೆಂದು ತಂದೆಯನ್ನು ಕೇಳಿದಳಂತೆ. ಜಯಕೇಶಿ ಕೇಳಿಸಿದ, ಹುಡುಗಿ ರೂಪವತಿಯಲ್ಲವೆಂದು ತಿಳಿದು ಕರ್ಣ ಉದಾಸೀನನಾದ. ಆಗ ಆಕೆಯನ್ನೇ ಪಾಟಣಕ್ಕೆ ಕಳುಹಿಸಿದರು. ಕರ್ಣ ಕಂಡು ಮುಖ ತಿರುಗಿಸಿದ.

ಆ ಘಳಿಗೆಯನ್ನು ಸ್ವಲ್ಪ ಊಹಿಸಿ ನೋಡಿರಿ. ಗೋವೆಯ ಮಳೆಯ ನಾಡಿನಲ್ಲಿ ಬೆಳೆದ ಕನ್ನಡದರಮನೆಯ ಹುಡುಗಿ. ಭಾಷೆ ಬೇರೆ, ನೀರು ಬೇರೆ, ಉಡಿಗೆ ಬೇರೆ. ಹಿಂದಿರುಗಿ ಹೋದರೆ ತಂದೆಯ ಮಾನ ಹೋಯಿತು. ನಿಂತರೆ ತನ್ನದು ಹೋಯಿತು. ಆಕೆ ಎಂಟು ಮಂದಿ ಸಖಿಯರೊಡನೆ ಅಗ್ನಿಪ್ರವೇಶಕ್ಕೆ ಸಿದ್ಧಳಾದಳೆಂದು ಮೇರುತುಂಗರು ಹೇಳುತ್ತಾರೆ. ಇದನ್ನು ತಡೆದವಳು ಕರ್ಣನ ತಾಯಿ ಉದಯಮತಿ. ಈ ಮಗುವಿನ ಸಾವನ್ನು ನೋಡಲಾರೆ, ನಾನೂ ಅದೇ ಬೆಂಕಿಗೆ ಬೀಳುತ್ತೇನೆಂದು ಅತ್ತೆ ಹಠ ಹಿಡಿದಳು. ತಾಯಿಗೆ ಹೆದರಿ ಕರ್ಣ ಮದುವೆಯಾದ. ಆದರೆ ಹೆಂಡತಿಯ ಕಡೆಗೆ ಕಣ್ಣೆತ್ತಿ ನೋಡಲಿಲ್ಲ. ವಾಚಕರೆ, ಈ ಉದಯಮತಿಯನ್ನು ನೀವು ಅರಿಯದವರಲ್ಲ. ಪಾಟಣದ ‘ರಾಣೀ ಕೀ ವಾವ್’ ಎಂಬ ಮೆಟ್ಟಿಲುಬಾವಿಯನ್ನು ಕಟ್ಟಿಸಿದವಳು ಆಕೆಯೆಂದು ಪ್ರಸಿದ್ಧಿ. 2018ರಿಂದ ನಮ್ಮ ನೂರು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾಗುತ್ತಿರುವ ಚಿತ್ರ ಆ ಬಾವಿಯದೇ. ನಮ್ಮ ಹೆಣ್ಣುಮಗಳೊಬ್ಬಳ ಜೀವವುಳಿಸಿದ ಅತ್ತೆಯ ಕೈಗುರುತು ನಮ್ಮೆಲ್ಲರ ಕಿಸೆಯಲ್ಲಿದೆ.

ಮುಂದೆ ಮುಂಜಾಲನೆಂಬ ಮಂತ್ರಿಯ ಉಪಾಯ. ರಾಜನ ಮನಸ್ಸು ಬೇರೊಬ್ಬಳ ಮೇಲಿರುವುದನ್ನು ಅರಿತು, ಆಕೆಯ ವೇಷದಲ್ಲಿ ಕತ್ತಲೆಯಲ್ಲಿ ರಾಣಿಯನ್ನೇ ಕಳುಹಿಸಿದ. ರಾಣಿ ಗುರುತಿಗಾಗಿ ಗಂಡನ ಕೈಯ ಉಂಗುರವನ್ನು ಇಸಿದುಕೊಂಡು ಬಂದಳು. ಹುಟ್ಟಿದವನು ಜಯಸಿಂಹ, ಗುಜರಾತಿನ ಇತಿಹಾಸದಲ್ಲಿ ಸಿದ್ಧರಾಜನೆಂದು ಹೆಸರಾದ ಮಹಾರಾಜ.

ಈ ಎರಡು ಕಥೆಗಳಲ್ಲಿ ಯಾವುದನ್ನು ನಂಬುವುದು? ಉಂಗುರ, ವೇಷಾಂತರ, ಪೂರ್ವಜನ್ಮಸ್ಮರಣೆ ಇವೆಲ್ಲ ಕಥೆಗಾರರ ಸರಕು, ಬಿಟ್ಟುಬಿಡೋಣ. ಆದರೆ ಒಂದು ನಾಡು ತಾನು ತಾಯಿಯೆಂದು ಗೌರವಿಸುವ ರಾಣಿಯನ್ನು ಕುರಿತು, ಆಕೆ ರೂಪಹೀನೆಯಾಗಿದ್ದಳು, ಗಂಡ ಒಲ್ಲೆನೆಂದ ಎಂದು ಸುಮ್ಮನೆ ಕಟ್ಟಿ ಹೇಳುವುದು ಅಪರೂಪ. ಆಸ್ಥಾನಕವಿ ಮುಚ್ಚಿಟ್ಟ ಮನೆಯ ಮಾತು ಹೊರಗೆ ಜನರ ಬಾಯಲ್ಲಿ ಉಳಿದಿರಬೇಕೆಂದೇ ನನ್ನ ಭಾವನೆ. ಇನ್ನೊಂದು ಸಾಕ್ಷ್ಯವೂ ಇದೆ. ಮೇಲೆ ಹೇಳಿದ ಬಿಲ್ಹಣ ಕಲ್ಯಾಣಕ್ಕೆ ಬರುವ ಮುನ್ನ ಪಾಟಣದಲ್ಲಿ ‘ಕರ್ಣಸುಂದರೀ’ ಎಂಬ ನಾಟಿಕೆಯನ್ನು ಬರೆದ. ಕರ್ಣನ ಮದುವೆಯೇ ಅದರ ವಸ್ತು. ಕಥಾನಾಯಿಕೆ ವಿದ್ಯಾಧರ ಕನ್ಯೆ. ಮಯಣಲ್ಲೆಯ ಮದುವೆಗೇ ಹೊದಿಸಿದ ರೇಷ್ಮೆಯ ಮರೆಯಿದೆಂದು ಕೆಲವು ವಿದ್ವಾಂಸರ ಊಹೆ. ಆ ಬಳಿಕ ಬಿಲ್ಹಣ ಸೋಮನಾಥವನ್ನು ಕಂಡು, ಹಡಗು ಹತ್ತಿ ಗೋಕರ್ಣದ ಕಡೆಗೆ ಇಳಿದು, ಕಲ್ಯಾಣಕ್ಕೆ ಬಂದು ವಿಕ್ರಮಾದಿತ್ಯನಿಂದ ವಿದ್ಯಾಪತಿಯೆನಿಸಿಕೊಂಡ. ಜಯಕೇಶಿ ಹೆಣ್ಣು ಕೊಟ್ಟ ಎರಡು ಮನೆಗಳಲ್ಲಿಯೂ ಅದೇ ಕವಿ ಉಂಡುದು ವಿನೋದದ ಸಂಗತಿ. ಕವಿ ಬಂದ ಆ ಕಡಲ ದಾರಿಯೇ ಈ ದೂರದ ಬೀಗತನಕ್ಕೂ ಕಾರಣ. ಗೋಪಕದ ರೇವಿಗೂ ಸೌರಾಷ್ಟ್ರದ ರೇವುಗಳಿಗೂ ಗಾಳಿ ತಿರುಗಿದಾಗಲೆಲ್ಲ ಹಡಗು ಓಡುತ್ತಿದ್ದುವು.

ಕರ್ಣ ತೀರಿಕೊಂಡಾಗ ಜಯಸಿಂಹ ಇನ್ನೂ ಬಾಲಕ. ಒಲ್ಲದ ಹೆಂಡತಿಯಾಗಿ ಬಂದವಳು ಈಗ ರಾಜಮಾತೆಯಾಗಿ ರಾಜ್ಯದ ಭಾರವನ್ನು ಹೊತ್ತಳು. ಮಗ ದೊಡ್ಡವನಾಗಿ ಆಳತೊಡಗಿದ ಮೇಲೆ ಅವನೊಡನೆ ಸೋಮನಾಥನ ಯಾತ್ರೆಗೆ ಹೊರಟಳು. ಬಾಹುಲೋಡದಲ್ಲಿ ತೆರಿಗೆ ಕೊಡಲಾರದ ಯಾತ್ರಿಕರು ಕಣ್ಣೀರಿಡುತ್ತ ಹಿಂತಿರುಗುತ್ತಿದ್ದರು. ತಾನೂ ಹಿಂತಿರುಗಿದಳು. ಮಗ ಕಾರಣ ಕೇಳಿದಾಗ, ಈ ತೆರಿಗೆ ಹೋದ ಹೊರತು ಸೋಮನಾಥನಿಗೆ ನಮಸ್ಕರಿಸುವುದಿಲ್ಲವೆಂದಳು. ಜಯಸಿಂಹ ಅಧಿಕಾರಿಗಳನ್ನು ಕರೆಸಿ ಲೆಕ್ಕ ಕೇಳಿದ. ವರ್ಷಕ್ಕೆ ಎಪ್ಪತ್ತೆರಡು ಲಕ್ಷದ ಉತ್ಪತ್ತಿ. ಪತ್ರವನ್ನು ಹರಿದು ಹಾಕಿ, ತಾಯಿಯ ಬೊಗಸೆಗೆ ದಾನದ ನೀರನ್ನು ಬಿಟ್ಟ. ಜಯಕೇಶಿ ಮಗಳನ್ನು ಕೊಡುವಾಗ ಬಿಟ್ಟ ಧಾರೆಯ ನೀರಿಗೂ ಈ ನೀರಿಗೂ ನಡುವೆ ಒಂದು ಬಾಳಿನಷ್ಟು ಅಂತರವಿದೆ.

ಸೋಮನಾಥದಲ್ಲಿ ಆಕೆ ತುಲಾದಾನಾದಿಗಳನ್ನು ಮಾಡಿ, ನನ್ನಂತೆ ದಾನ ಮಾಡಿದವರಿಲ್ಲವೆಂದು ಒಳಗೇ ಹಿಗ್ಗಿದಳಂತೆ. ಆ ರಾತ್ರಿ ದೇವರು ಕನಸಿನಲ್ಲಿ ಬಂದು, ಇಲ್ಲಿ ಒಬ್ಬ ಭಿಕ್ಷುಕಿ ಬಂದಿದ್ದಾಳೆ, ಅವಳ ಪುಣ್ಯವನ್ನು ಕೇಳಿ ಪಡೆ ಎಂದನಂತೆ. ಹುಡುಕಿಸಿದರೆ, ಬೇಡಿ ತಂದ ಹಿಡಿ ಆಹಾರದಲ್ಲಿ ದೇವರಿಗೂ ಅತಿಥಿಗೂ ಪಾಲು ಮಾಡಿದ ಒಬ್ಬ ಹೆಂಗಸು ಸಿಕ್ಕಿದಳು. ಪುಣ್ಯವನ್ನು ಮಾರಲು ಅವಳು ಒಪ್ಪಲಿಲ್ಲ. ರಾಣಿಯ ಮೇಲೆ ಇಷ್ಟು ಸಲಿಗೆ ವಹಿಸಿ ಕಥೆ ಹೇಳುವ ಜನ ಆಕೆಯನ್ನು ನಿಜವಾಗಿಯೂ ತಮ್ಮವಳೆಂದು ತಿಳಿದಿದ್ದರೆಂಬುದು ಸ್ಪಷ್ಟ. ವೀರಮಗಾಮದ ಮುನಸರ ಕೆರೆ, ಢೋಲ್ಕಾದ ಮಲಾವ ಕೆರೆ ಆಕೆ ಕಟ್ಟಿಸಿದುವೆಂದು ಪ್ರತೀತಿ. ಮಲಾವ ಕೆರೆಯನ್ನು ಅಗೆಯಿಸುವಾಗ ದಂಡೆಯ ಮೇಲೆ ಒಬ್ಬ ವೇಶ್ಯೆಯ ಮನೆ ಅಡ್ಡ ಬಂದಿತು. ಎಷ್ಟು ಹಣ ಕೊಟ್ಟರೂ ಅವಳು ಮಾರಲೊಲ್ಲಳು. ರಾಣಿ ಬಲಾತ್ಕರಿಸಲಿಲ್ಲ, ಕೆರೆಯ ಆಕಾರ ಕೆಟ್ಟರೆ ಕೆಡಲೆಂದು ಆ ಮನೆಯನ್ನು ಬಿಟ್ಟು ದಂಡೆ ಕಟ್ಟಿಸಿದಳು. ನ್ಯಾಯವನ್ನು ಕಾಣಬೇಕಾದರೆ ಮಲಾವವನ್ನು ನೋಡಬೇಕೆಂದು ಗುಜರಾತಿನಲ್ಲಿ ಗಾದೆಯೇ ಇದೆ. ಕನ್ಹೈಯಾಲಾಲ ಮುನ್ಶಿಯವರ ‘ಪಾಟಣನೀ ಪ್ರಭುತಾ’ ಕಾದಂಬರಿಯನ್ನು ಓದಿದವರಿಗೆ ಮೀನಲದೇವಿ ಮನೆಯವಳಷ್ಟೇ ಪರಿಚಿತಳು. ಅವಳ ತವರಾದ ನಮ್ಮ ಕಡೆಯಲ್ಲಿ ಕೇಳಿರಿ, ಹೆಸರು ಬಲ್ಲವರು ಎಷ್ಟು ಮಂದಿ ಸಿಕ್ಕಾರು?

ಜಯಕೇಶಿಯ ಸಾವಿನ ಕಥೆಯೂ ಗುಜರಾತಿನಲ್ಲಿಯೇ ಉಳಿದಿದೆ. ಅವನಿಗೊಂದು ಮುದ್ದಿನ ಗಿಳಿ. ಊಟಕ್ಕೆ ಕುಳಿತಾಗ ಪಂಜರದಿಂದ ಕರೆದರೆ, ಬೆಕ್ಕಿದೆಯೆಂದು ಗಿಳಿ ಹೆದರಿತು. ಸುತ್ತ ನೋಡಿ ಬೆಕ್ಕನ್ನು ಕಾಣದೆ ದೊರೆ, ನಿನ್ನನ್ನು ಬೆಕ್ಕು ಕೊಂದರೆ ನಾನೂ ನಿನ್ನೊಡನೆ ಸಾಯುತ್ತೇನೆಂದು ಮಾತು ಕೊಟ್ಟ. ಪಾತ್ರೆಯ ಮರೆಯಲ್ಲಿದ್ದ ಬೆಕ್ಕು ಹಾರಿ ಗಿಳಿಯನ್ನು ಕೊಂದಿತು. ಮಂತ್ರಿಗಳು ಎಷ್ಟು ಬೇಡಿದರೂ ಕೇಳದೆ ಜಯಕೇಶಿ ಚಿತೆಯೇರಿದ. ಎಲ್ಲ ನಂಟುಗಳನ್ನೂ ತೂಗಿ ನೋಡಿ ಬೆಸೆದ ಮನುಷ್ಯ ಒಂದು ಗಿಳಿಗೆ ಕೊಟ್ಟ ಮಾತಿಗಾಗಿ ಸತ್ತನೆಂಬುದನ್ನು ಇತಿಹಾಸವೆಂದು ನಾನು ಒಪ್ಪಲಾರೆ. ಆದರೆ ಆ ಸುದ್ದಿ ಪಾಟಣಕ್ಕೆ ಮುಟ್ಟಿದಾಗ ಮಗಳು ಶೋಕದಲ್ಲಿ ಮುಳುಗಿದಳೆಂಬ ಮಾತು ಮಾತ್ರ ಸಹಜವಾಗಿ ಕೇಳಿಸುತ್ತದೆ.

ಸುಮಾರು 1080ರಲ್ಲಿ ಜಯಕೇಶಿಯ ಕಾಲ ಮುಗಿಯಿತು. ಅವನು ನೆಟ್ಟ ನಂಟಿನ ಫಲ ಮೊಮ್ಮಗನ ಕಾಲಕ್ಕೆ ಕೈಗೆ ಬಂದಿತು. ಸುಮಾರು 1104ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಜಯಕೇಶಿಗೆ ಚಕ್ರವರ್ತಿ ವಿಕ್ರಮಾದಿತ್ಯ ತನ್ನ ಮಗಳು ಮೈಲಲದೇವಿಯನ್ನು ಕೊಟ್ಟ. ಮೊದಲು ಹೆಣ್ಣು ಕೊಟ್ಟ ಮನೆ ಈಗ ಹೆಣ್ಣು ತಂದ ಮನೆಯಾಯಿತು. ಸಾಮಂತನಿಗೆ ಚಕ್ರವರ್ತಿಯ ಅಳಿಯನಾಗುವುದಕ್ಕಿಂತ ದೊಡ್ಡ ಬಿರುದು ಇನ್ನಾವುದಿದೆ? ಫ್ರಾನ್ಸಿನಲ್ಲಿ ಇದಕ್ಕೆ ಕೆಲವೇ ದಶಕಗಳ ತರುವಾಯ ಅಕ್ವಿಟೇನಿನ ಎಲಿನಾರ್ ಎಂಬ ರಾಜಪುತ್ರಿ 1137ರಲ್ಲಿ ಫ್ರಾನ್ಸಿನ ದೊರೆಯನ್ನು ವರಿಸಿ, ಅದು ಮುರಿದ ಬಳಿಕ 1152ರಲ್ಲಿ, ಮುಂದೆ ಇಂಗ್ಲೆಂಡಿನ ದೊರೆಯಾದ ಹೆನ್ರಿಯನ್ನು ವರಿಸಿದಳು. ಆಕೆಯೊಡನೆ ಒಂದು ಪ್ರಾಂತವೇ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯಿತು. ಹೆಣ್ಣಿನ ಮೂಲಕ ರಾಜ್ಯಗಳು ಕೂಡುವ, ಅಗಲುವ ರೀತಿ ಅಲ್ಲಿಯೂ ಇಲ್ಲಿಯೂ ಒಂದೇ.

ಆದರೆ ಬೀಗತನವೆಂದರೆ ಶಾಂತಿಯೆಂದೇ ಅರ್ಥವಲ್ಲ. ಇದೇ ವಿಕ್ರಮಾದಿತ್ಯನ ಸಾಮಂತನಾದ ಯಲಬುರ್ಗೆಯ ಸಿಂದರ ಆಚುಗಿ ಗೋವೆಯನ್ನು ವಶಮಾಡಿಕೊಂಡನೆಂದೂ ಕೊಂಕಣವನ್ನು ಹಿಡಿದನೆಂದೂ ಸಿಂದರ ಶಾಸನಗಳು ಹೆಮ್ಮೆಪಡುತ್ತವೆ. ಮಾವನ ಆಳು ಅಳಿಯನ ಊರಿಗೆ ದಂಡು ತಂದಾಗ ಅರಮನೆಯ ಒಳಗಿದ್ದ ಮಗಳ ಪಾಡೇನು? ಶಾಸನಕವಿಗಳಿಗೆ ಇದು ಬರೆಯತಕ್ಕ ವಿಷಯವಾಗಿ ತೋರಲಿಲ್ಲ. ಮೈಲಲದೇವಿಗೆ ಇಬ್ಬರು ಮಕ್ಕಳು. ಹಿರಿಯನ ಹೆಸರು ಪೆರ್ಮಾಡಿ. ವಿಕ್ರಮಾದಿತ್ಯನಿಗೂ ಪೆರ್ಮಾಡಿಯೆಂದೇ ಹೆಸರಿತ್ತೆಂಬುದನ್ನು ನೆನೆದರೆ ಮೊಮ್ಮಗನಿಗೆ ತಾಯಿಯ ತಂದೆಯ ಹೆಸರಿಟ್ಟರೆಂದು ಹೇಳಲಡ್ಡಿಯಿಲ್ಲ. ಕಿರಿಯವನು ವಿಜಯಾದಿತ್ಯ. ಅಣ್ಣ ಶಿವಭಕ್ತನಾಗಿ ಶಿವಚಿತ್ತನೆಂದೂ ತಮ್ಮ ವಿಷ್ಣುಭಕ್ತನಾಗಿ ವಿಷ್ಣುಚಿತ್ತನೆಂದೂ ಹೆಸರಾದರು. ಹಲಸಿಯ ನರಸಿಂಹನ ಗುಡಿಗೆ ಇಬ್ಬರೂ ದತ್ತಿ ಬಿಟ್ಟ ಶಾಸನಗಳಿವೆ. ಕಲ್ಯಾಣದ ಸಿಂಹಾಸನಕ್ಕಾಗಿ ಕಾದಾಡಿದ ಅಣ್ಣತಮ್ಮಂದಿರ ಮುಂದೆ ಕೂಡಿ ಆಳಿದ ಈ ಇಬ್ಬರನ್ನು ನೆನೆದಾಗ ಮೈಲಲದೇವಿಯ ಮೇಲೆ ಗೌರವ ಹುಟ್ಟುತ್ತದೆ.

ಮುಂದಿನ ಕಥೆ ಇಳಿಜಾರಿನದು. ಹದಿಮೂರನೆಯ ಶತಮಾನದ ಹೊಸ್ತಿಲಲ್ಲಿ ಬೆಳಗಾವಿ ಕದಂಬರ ಕೈತಪ್ಪಿ ರಟ್ಟರದಾಯಿತು. ಆ ರಟ್ಟರನ್ನೂ ದೇವಗಿರಿಯ ಸಿಂಘಣನ ದಂಡನಾಯಕ ಅಳಿಸಿಹಾಕಿದ. ಗೋವೆಯ ಕದಂಬರನ್ನೂ ಮಣಿಸಿದ. ಆ ಶತಮಾನದ ನಡುವೆ ಷಷ್ಠದೇವನೆಂಬ ಕದಂಬನನ್ನು ಮತ್ತೆ ಪಟ್ಟದಲ್ಲಿ ಕೂಡಿಸಿದವನು ಅವನ ಸೋದರಿಯ ಗಂಡ ಕಾಮದೇವ. ಸೈನ್ಯ, ಹಡಗು, ಬಿರುದು ಎಲ್ಲ ಕ್ಷೀಣಿಸಿದ ಮೇಲೂ ಬೀಗತನವೊಂದು ಕೈಹಿಡಿದಿತ್ತು.

ಈ ಮನೆಯ ಹೆಣ್ಣುಮಕ್ಕಳ ಗುರುತನ್ನು ಕಣ್ಣಾರೆ ಕಾಣಬೇಕೆನ್ನುವವರು ಗುಜರಾತಿಗೇ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯಲ್ಲಿಯೇ, ಕಿತ್ತೂರಿನ ಹತ್ತಿರ, ದೇಗಾಂವಿಯೆಂಬ ಸಣ್ಣ ಊರಿದೆ, ಶಾಸನಗಳ ದೇಗಂವೆ. ಅಲ್ಲಿಯ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದವಳು ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಒಂದೇ ಮಂಟಪಕ್ಕೆ ತೆರೆದುಕೊಂಡ ಮೂರು ಗರ್ಭಗುಡಿಗಳು. ಕಪ್ಪು ಕಲ್ಲಿನ ಮೇಲೆ ದಂತದಷ್ಟು ನಯವಾದ ಕೆತ್ತನೆ. 1174ರ ಸುಮಾರಿಗೆ ಆಕೆ ಬ್ರಾಹ್ಮಣರಿಗೆ ಈ ಅಗ್ರಹಾರವನ್ನು ಬಿಡಿಸಿದಾಗ ಹಾಕಿಸಿದ ಶಾಸನ ಒಮ್ಮೆ ಕನ್ನಡ ಲಿಪಿಯಲ್ಲಿ, ಮತ್ತೊಮ್ಮೆ ನಾಗರಿಯಲ್ಲಿ ಇದೆ. ಶಿವಭಕ್ತನಾದ ಗಂಡನಿಂದ ನಾರಾಯಣನ ಗುಡಿಗೆ ಊರು ಬಿಡಿಸಿದ ಜಾಣೆ ಆಕೆ. ಆ ಶಾಸನದಲ್ಲಿ ಜಯಕೇಶಿಯಿಂದ ಮೊದಲ್ಗೊಂಡು ಗಂಡನ ಮನೆಯ ಹೊಗಳಿಕೆ ಬೇಕಾದಷ್ಟಿದೆ. ಅದರೊಡನೆ ತನ್ನ ತಂದೆ ಕಾಮಭೂಪನ ಹೆಸರನ್ನೂ ತಾಯಿ ಚಟ್ಟಲದೇವಿಯ ಹೆಸರನ್ನೂ ಕಮಲಾದೇವಿ ಕೆತ್ತಿಸಿದ್ದಾಳೆ. ಗುಡಿಯ ಶಿಲ್ಪಿ ಹೂವಿನ ಬಾಗೆಯ ಹೊಲೋಜನ ಮಗ ತಿಪ್ಪೋಜ. ಹೂವಿನ ಬಾಗೆಯೆಂದರೆ ನಮ್ಮ ನೆರೆಯ ರಾಯಬಾಗ.